ಗೀಸರ್ ರಿಪೇರಿ: ಬರೇ ನೋಡ್ಲಾಕ 200 ತಗೊಳ್ಳೋ ಮಿಸ್ತ್ರಿ ಬಗ್ಗೆ

ಮೊದ್ಲೇ ಹೇಳ್ಬಿಡ್ತೀನ್ರಿ, ಅಂಗಡಿ ಹೆಸರು ಹಾಕಿಲ್ಲ. ಮಿಸ್ತ್ರಿ ಕಾಕಾನೇ ಬ್ಯಾಡ ಅಂದಾರ, "ಇದ್ದ ಗಿರಾಕಿಗೇ ಮುಟ್ಲಾಕ ಆಗವಲ್ದು, ಮತ್ತ ನೀ ಹತ್ ಮಂದಿ ಕಳಸ್ಬ್ಯಾಡ ತಮ್ಮಾ" ಅಂತ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಸಣ್ಣ ಅಂಗಡಿ, ಹೊರಗ ಜಂಗ್ ಹಿಡಿದ ಪೈಪು, ಒಳಗ ಇಬ್ಬರು ನಿಂತ್ರ ಮೂರನೇದೋರಿಗಿ ಜಾಗ ಇಲ್ಲ, ಅಷ್ಟೇ.

ನಮ್ದು 15 ಲೀಟರಿನ ಗೀಸರ್, ಆರು ವರ್ಷದ್ದು. ನಮ್ಮೂರಾಗ ಇರೋರಿಗಿ ಗೊತ್ತೇ ಅದ, ಬ್ಯಾಸಗ್ಯಾಗ ಗೀಸರ್ ಹಂತ್ಯಾಕ ಯಾರೂ ಹೋಗಲ್ಲ, ಮ್ಯಾಲಿನ ಟಾಕಿ ನೀರೇ ಮೈ ಸುಡ್ತದ. ದೀಪಾವಳಿ ಆದ್ ಮ್ಯಾಲ ಸ್ವಿಚ್ ಒತ್ತೋದು. ಈ ಸಲ ಒತ್ತಿದ್ರ ಒಳಗ ಗುಡುಗುಡು ಸಪ್ಪಳ, ಅರ್ಧ ಬಕೀಟ್ ಬಿಸಿ ಬರ್ತದ ಆಮ್ಯಾಲ ತಣ್ಣಗ, ನಡೀತದ ಬಿಡು ಅಂತ ಒಂದ್ ತಿಂಗಳ ಹಂಗೇ ತಳ್ಳಿದ್ವಿ. ಒಂದಿನ ಅವ್ವ ಜಳಕಕ್ಕ ಹೋದಾಕಿ ಒದರಿದ್ಳು, "ನಳ ಮುಟ್ಟಿದ್ರ ಜುಮ್ ಅಂತದೋ!" ಅವತ್ತೇ ಬಂದ್ ಮಾಡಿ ಕಂಪನಿ ಸರ್ವಿಸ್‌ಗಿ ಫೋನ್ ಹಚ್ಚಿದ್ವಿ. ಹುಡುಗ ಬಂದ, ಹತ್ ನಿಮಿಷ ನೋಡ್ದ, ಮುಚ್ಚಳನೂ ಪೂರಾ ಬಿಚ್ಚಲಿಲ್ಲ, ಟ್ಯಾಂಕೇ ಹೋಗ್ಯದ ಸರ್ ಹೊಸದ ತಗೋರಿ 9,500 ಆಗ್ತದ ಅಂದು ವಿಸಿಟಿಂಗ್ ಚಾರ್ಜ್ ತಗೊಂಡು ಹೋದ.

ಆಮ್ಯಾಲ ಈ ಕಾಕಾನ ಹಂತ್ಯಾಕ ಹೋದೆ. ಮೊದಲ್ನೇ ಮಾತೇ "ನೋಡೋದಕ್ಕ 200, ಕೆಲ್ಸ ನನಗೇ ಕೊಟ್ರ ಬಿಲ್ಲಿನಾಗ ಕಳೀತೀನಿ". ನನಗ ಸಿಟ್ಟೇ ಬಂತು ಖರೆ ಹೇಳ್ಬೇಕಂದ್ರ, ನೋಡ್ಲಾಕ ಎಂಥ ರೊಕ್ಕ ಅಂತ. ನಾಳಿ ಬರ್ತೀನಿ ಅಂದೋರು ಮೂರ್ ದಿನ ಬರ್ಲಿಲ್ಲ. ಫೋನ್ ಮಾಡಿದ್ರ ಎಳ್ಳಮವಾಸಿ ಅದ, ಚರಗ ಚೆಲ್ಲಾಕ ಹೊಲಕ್ಕ ಬಂದೀನಿ ಅಂತಾರ, ಹಿಂದ ಮಂದಿ ನಗೋದು ಕೇಳಸ್ತದ. ಏನ್ ಅಂತೀರಿ ಇದಕ್ಕ. ನಾವು ಇಲ್ಲಿ ಸ್ಟೋವ್ ಮ್ಯಾಲ ಬೋಗಾಣಿ ಇಟ್ಟು ನೀರ್ ಕಾಸ್ಲಕತ್ತೀವಿ, ಅವರು ಅಲ್ಲಿ ಸಜ್ಜಿ ಕಡಬು ಬಜ್ಜಿ ತಿನ್ಲಕತ್ತಾರ.

ನಾಲ್ಕನೇ ದಿನ ಬಂದ್ರು. ಗೀಸರ್ ಮುಟ್ಟೋಕಿಂತ ಮೊದ್ಲು ಸಾಕೆಟ್ ಬಿಚ್ಚಿಸಿದ್ರು. ಸೋರಿದ ಕರೆಂಟ್ ನೆಲಕ್ಕ ಒಯ್ಯೋ ಅರ್ಥಿಂಗ್ ವೈರ್ ಹಚ್ಚೇ ಇಲ್ಲ, ಹಿಂದ ಸುಮ್ನ ಮಡಚಿ ಇಟ್ಟದ, ಆರು ವರ್ಷ! "ಇದು ಕರೆಂಟಿನೋನ ಕೆಲ್ಸ, ಅವನ್ನ ಕರಸು, ಅಲ್ಲಿ ತನಕ ಸ್ವಿಚ್ ಹಾಕಬ್ಯಾಡ" ಅಂದು ಗೀಸರ್ ಕೆಳಗಿಳಿಸಿ ನೀರ್ ಕಾಸೋ ಎಲಿಮೆಂಟ್ ಎಳದ್ರು. ನಾ ಹಂಥಾದ್ ನೋಡಿದ್ದಿಲ್ಲ. ಬಟ್ಟಿನಷ್ಟು ದಪ್ಪ ಇರೋ ಕೊಳವಿ ಮ್ಯಾಲ ಗೆಣಸಿನಂಗ ಬೆಳ್ಳಗ ದಪ್ಪ ಸುಣ್ಣ ಮೆತ್ತಿ, ಒಂದ್ ಕಡಿ ಒಡದು ಒಳಗಿನ ಕಪ್ಪು ಕಾಣ್ತಿತ್ತು, ಕರೆಂಟ್ ನೀರಿಗಿ ಇಳಿತಿದ್ದದ್ದು ಅಲ್ಲಿಂದೇ. ಟ್ಯಾಂಕ್ ತಲಿಕೆಳಗ ಮಾಡಿ ಬಡದ್ರ ಚಿಪ್ಪು ಚಿಪ್ಪು ಒಂದ್ ಪರಾತ ತುಂಬ ಬಿತ್ತು. ಒಳಗ ಮೆಗ್ನೀಸಿಯಂ ರಾಡ್ ಇರ್ತದಂತ, ತುಕ್ಕು ಟ್ಯಾಂಕ್ ತಿನ್ನೋ ಬದಲಿ ಅದನ್ನ ತಿನ್ಲಿ ಅಂತ ಹಾಕಿರ್ತಾರ, ನಮ್ದು ಸವದು ಬರೇ ನಡುವಿನ ತಂತಿ ಉಳಿದಿತ್ತು. ಟಾರ್ಚ್ ಬಿಟ್ಟು ಟ್ಯಾಂಕ್ ತೋರಿಸಿದ್ರು, ಟ್ಯಾಂಕಿಗಿ ಏನೂ ಆಗಿದ್ದಿಲ್ಲ.

ಕಾಕಾ ಒಂದ್ ಚಿಪ್ಪಿನ ಮ್ಯಾಲ ನಿಂಬಿಹಣ್ಣು ಹಿಂಡಿದ್ರು, ಬುಸ್ ಅಂತ ನೊರಿ. "ವಾಡಿ, ಸೇಡಂ, ಮಳಖೇಡ, ಎಲ್ಲಾ ಕಡಿ ಸಿಮೆಂಟ್ ಫ್ಯಾಕ್ಟರಿ ಯಾಕ್ ಅವ? ನೆಲದಾಗ ಸುಣ್ಣದ ಕಲ್ಲದ. ಆ ಕಲ್ಲಿನೊಳಗ ಹಾದು ಬಂದ ಸವಳು ನೀರು ನಿನ್ ಗೀಸರಿಗಿ ಬಿಟ್ಟೀದಿ, ಕಾಸಿದಂಗ ಕಾಸಿದಂಗ ಸುಣ್ಣ ಹೊರಗ ಬೀಳ್ತದ." ಆರ್‌ಓ ಮಷೀನ್ ಹಾಕ್ಸುವಾಗ ನಮ್ಮ ಬೋರ್ ನೀರ್ ಟೆಸ್ಟ್ ಮಾಡ್ಸಿದ್ವಿ, ಗಡಸುತನ (ಕರಗಿದ ಸುಣ್ಣದಂಥಾದ್ದರ ಲೆಕ್ಕ) ಲೀಟರಿಗಿ 640 ಮಿಲಿಗ್ರಾಂ ಬಂದಿತ್ತು, ಕುಡಿಯೋ ನೀರಿಗಿ ಸರ್ಕಾರಿ ಮಾನಕ ಸಂಸ್ಥೆ ಬಿಐಎಸ್ ಲೆಕ್ಕ 200, ಬ್ಯಾರೆ ನೀರೇ ಸಿಗದಿದ್ರ 600 ತನಕ. ಕುಡಿಯೋದಕ್ಕ ಮಷೀನ್ ಹಾಕ್ಸಿ ಆರಾಮ ಕುಂತಿದ್ವಿ, ಗೀಸರ್ ಅದೇ ಕುಡೀತದ ಅನ್ನೋದು ತಲ್ಯಾಗೇ ಬಂದಿದ್ದಿಲ್ಲ. ಬಿಸಿ ಎಷ್ಟಿರಬೇಕು ಅಂತ ಹಿಡಿಯೋ ಥರ್ಮೋಸ್ಟಾಟ್ 50-55 ಡಿಗ್ರಿ ಮ್ಯಾಲ ಇಡಬ್ಯಾಡ, ಬಿಸಿ ಹೆಚ್ಚಾದಂಗ ಸುಣ್ಣ ಹೆಚ್ಚು, ವರ್ಷಕ್ಕೊಮ್ಮಿ ಬಿಚ್ಚಿ ತೊಳೆಸು ಅಂದ್ರು.

ಆದ್ರ ಅವರು ಖರೇನ ಬೈದದ್ದು ಸೇಫ್ಟಿ ವಾಲ್ವ್ ನೋಡಿ. ಎರಡ್ ವರ್ಷದ ಹಿಂದ ಅದರಿಂದ ತಟಕ್ ತಟಕ್ ನೀರ್ ಬೀಳ್ತಿತ್ತು, ಆಗ ಬಂದಿದ್ದ ಒಬ್ಬ ಫಿಟ್ಟರ್ ಪ್ಲಗ್ ಹಾಕಿ ಬಂದ್ ಮಾಡಿ ಹೋಗಿದ್ದ, ನಾವು ಖುಷಿಯಿಂದ ನೂರು ಕೊಟ್ಟಿದ್ವಿ. ನೀರ್ ಕಾಯ್ದಾಗ ಹಿಗ್ಗತದ, ಹೆಚ್ಚಿನದ್ದು ಅಲ್ಲಿಂದ ಹೊರಗ ಹೋಗ್ಬೇಕು. "ಕುಕ್ಕರಿನ ಸೀಟಿ ಮುಚ್ಚಿ ಒಲಿ ಮ್ಯಾಲ ಇಟ್ಟಂಗ ಮಾಡೀರಿ. ಥರ್ಮೋಸ್ಟಾಟ್ ಒಂದ್ ಕೈ ಕೊಟ್ಟಿದ್ರ ಗ್ವಾಡಿ ಸಮೇತ ಹಾರ್ತಿತ್ತು." ಅವ್ವ ಬಾಗಲದಾಗ ನಿಂತು ಕೇಳಿ ಸುಮ್ನ ಒಳಗ ಹೋದ್ಳು. ಬಿಸಿನೀರಿನ ಲೈನಿಗಿ ಬಿಸಿ ತಾಳೋ ಸಿಪಿವಿಸಿ ಪೈಪ್ ಬದ್ಲು ತಣ್ಣೀರಿನ ಬಿಳಿ ಯುಪಿವಿಸಿ ಹಾಕಿದ್ರು ಅಂತ ಅದೂ ತಗದ್ರು, ಎಲ್ಬೋ ಹಂತ್ಯಾಕ ಪೈಪ್ ಮೆತ್ತಗಾಗಿ ಬಾಗಿತ್ತು.

ನಡುವ ಚಾ ಟೈಮಿನಾಗ ಇನ್ನಿಬ್ಬರು ಫಿಟ್ಟರ್ ಬಂದು ಕುಂತ್ರು, ಅವರ ಮಾತು ಕೇಳ್ಬೇಕಿತ್ತು ನೀವು. ಗಿರಾಕಿ ಆನ್‌ಲೈನ್‌ನಾಗ ಎಲಿಮೆಂಟ್ ತರಸ್ತಾನ, ಅದು ಕೂಡಲ್ಲ, ಹೊಳ್ಳಿ ನಮ್ಮ ಮ್ಯಾಲೇ ಬರ್ತಾನ ಅಂತ ಒಬ್ಬಂವ. ಇನ್ನೊಬ್ಬ ಸೋಲಾರ್ ಗೀಸರ್ ಹಾಕೋನು, ಬಿಸಲು ಭಾಳ ಅದ ಅಂತ ಹಾಕಸ್ತಾರ್ರಿ, ಅದೇ ನೀರು ಗಾಜಿನ ಟ್ಯೂಬಿನ ತಳದಾಗೂ ಸುಣ್ಣ ಆಗಿ ಕುಂದರ್ತದ, ಅದನ್ನ ಹೇಳಿದ್ರ ಮಾಲ್ ತಗೊಳ್ಳಲ್ಲ ಅಂದ. ಕಿಡಕಿ ಇಲ್ಲದ ಬಾತ್‌ರೂಮಿನಾಗ ಗ್ಯಾಸ್ ಗೀಸರ್ ಮೂವರೂ ಹಾಕಲ್ಲ, ಎಷ್ಟು ಕೊಟ್ರೂ. ಗ್ಯಾಸ್ ಉರಿದು ಬರೋ ವಿಷಗಾಳಿಗಿ ವಾಸನಿ ಇರಲ್ಲ, ಜಳಕಕ್ಕ ಹೋದೋರು ಹೊರಗ ಬರಲ್ಲ. ನಾ ಗ್ಯಾರಂಟಿ ಕೇಳಿದ್ದಕ್ಕ ಕಾಕಾ, "ನಿನ್ ಬೋರ್ ನೀರಿಗಿ ನೀ ಗ್ಯಾರಂಟಿ ಕೊಡು, ಎಲಿಮೆಂಟಿಗಿ ನಾ ಕೊಡ್ತೀನಿ" ಅಂದ್ರು. 200 ಬಗ್ಗೆನೂ ಕೇಳಿದೆ. "ಡಾಕ್ಟರಿಗಿ ಕೊಡ್ತಿ, ನನಗ್ಯಾಕ ಕೊಡವಲ್ಲಿ? ಪುಕ್ಕಟ ನೋಡಾಂವ ಪಾರ್ಟ್ ಮಾರಿ ತಗೀತಾನ." ಕಂಪನಿ ಹುಡುಗ ನೋಡ್ಲಾಕೂ ರೊಕ್ಕ ತಗೊಂಡಿದ್ದ, ಅದು ಬ್ಯಾರೆ ಮಾತು.

ಬಿಲ್: ಎಲಿಮೆಂಟ್ 700, ರಾಡ್ 350, ಗ್ಯಾಸ್ಕೆಟ್ 60, ವಾಲ್ವ್ 450, ಸಿಪಿವಿಸಿ ಸಾಮಾನು 540, ಕೂಲಿ 900, ಹೇಳಿದಂಗ 200 ಕಳದು ನಾ ಕೊಟ್ಟದ್ದು 2,800. ಕರೆಂಟಿನೋನು ಬ್ಯಾರೆ. ಈಗ ಕಾಲ್ ತಾಸಿನಾಗ ಟ್ಯಾಂಕ್ ಕಾಯ್ತದ, ಸಪ್ಪಳ ಇಲ್ಲ, ಅವ್ವ ಮಾತ್ರ ಇನ್ನೂ ನಳಕ್ಕ ಮೊದ್ಲು ಹಿಂಗೈ ತಾಗಿಸಿ ನೋಡಿ ಆಮ್ಯಾಲ ತಿರುವ್ತಾಳ.

ಐದಕ್ಕ ನಾಲ್ಕು ಕೊಡ್ತೀನಿ. ಒಂದ್ ಯಾಕ ಕಡಿಮಿ ಅಂದ್ರ ಪೈಪ್ ತಗಿಲಾಕ ಟೈಲ್ಸ್ ಒಡದು ಅಂಗೈಯಷ್ಟು ತೂತು ಬಿಟ್ಟು ಹೋಗ್ಯಾರ, ಅದು ಗೌಂಡಿ ಕೆಲ್ಸ ಅಂತ. ಗೌಂಡಿ ಸಣ್ಣ ಕೆಲಸಕ್ಕ ಬರವಲ್ಲ. ಪೇಪರ್ ತುರುಕಿ ಇಟ್ಟೀವಿ, ನಿನ್ನಿ ಅದರಾಗಿಂದ ಹಲ್ಲಿ ಇಣುಕ್ತಿತ್ತು.