ಅಂಗಡಿ ಮನೆಯ ಯಜಮಾನಿಗೆ ಗೃಹಲಕ್ಷ್ಮಿ: ಎಲ್ಲಿ ಸಲೀಸು, ಎಲ್ಲಿ ತೊಡಕು

ಸಂಬಳವಿಲ್ಲದೆ ಗಂಡನ ದಿನಸಿ ಅಂಗಡಿಯಲ್ಲೋ ಮೆಸ್ಸಿನಲ್ಲೋ ದುಡಿಯುವ ಹೆಂಗಸರಿಗೆ ಗೃಹಲಕ್ಷ್ಮಿ ನಿಜಕ್ಕೂ ಹೊಂದುವ ಯೋಜನೆ. ಏನು ಕೆಲಸ ಮಾಡುತ್ತೀರಿ, ತಿಂಗಳಿಗೆ ಕೈಗೆಷ್ಟು ಬರುತ್ತದೆ ಎಂದು ಅದು ಕೇಳುವುದೇ ಇಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರಬೇಕು, ಅಷ್ಟೆ. ಕಾರ್ಡು ಅಂತ್ಯೋದಯ, ಬಿಪಿಎಲ್, ಎಪಿಎಲ್ ಯಾವುದಾದರೂ ನಡೆಯುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ, ಅಂದರೆ ವರ್ಷಕ್ಕೆ 24,000. ಆದರೆ ಅಂಗಡಿ ಮನೆಗಳವರಿಗೆ ಇದು ತಪ್ಪಿಹೋಗುವುದು ಅರ್ಜಿ ಕೌಂಟರಿನಲ್ಲಿ ಅಲ್ಲ, ಆಡಿಟರ್ ಹತ್ತಿರ. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಮನೆಗೆ ಗೃಹಲಕ್ಷ್ಮಿ ಇಲ್ಲ ಎಂದು ಎಷ್ಟೋ ಮನೆಗಳಲ್ಲಿ ತಿಳಿಯುವ ಹೊತ್ತಿಗೆ ಜಿಎಸ್‌ಟಿ ನಂಬರ್ ಬಂದಾಗಿರುತ್ತದೆ.

ಯಜಮಾನಿಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿರಬಾರದು. ನಿಯಮ ಇಷ್ಟೇ, ಆದರೆ ಎರಡೂ ಒಂದೇ ಅಳತೆಯವಲ್ಲ. ಬ್ಯಾಂಕ್ ಸಾಲಕ್ಕೆ ಬೇಕೆಂದು ಐಟಿಆರ್ (ಆದಾಯ ತೆರಿಗೆ ರಿಟರ್ನ್) ಹಾಕಿ, ಕಟ್ಟಬೇಕಾದ ತೆರಿಗೆ ಸೊನ್ನೆ ಬಂದಿದ್ದರೆ ನಿಯಮದ ಪ್ರಕಾರ ಅಡ್ಡಿಯಿಲ್ಲ. ಜಿಎಸ್‌ಟಿಯಲ್ಲಿ ಹಾಗಲ್ಲ, ಒಂದು ರೂಪಾಯಿ ತೆರಿಗೆ ಬರದ ನಿಲ್ ರಿಟರ್ನ್ಸ್ ಸಲ್ಲಿಸಿದರೂ ಸಲ್ಲಿಸಿದಂತೆಯೇ. ಕಾಂಪೊಸಿಷನ್‌ನಲ್ಲಿರುವವರು, ಅಂದರೆ ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ ಸಣ್ಣ ವ್ಯಾಪಾರಿಗಳು, ‘ನಮ್ಮದು ಸಣ್ಣ ಸ್ಕೀಮು, ನಮಗೆ ತಾಗುವುದಿಲ್ಲ’ ಅಂದುಕೊಂಡಿರುತ್ತಾರೆ. ಅವರೂ ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಎಂಬ ತೆರಿಗೆ ವಿವರಪಟ್ಟಿ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ರಿಟರ್ನ್ಸ್ ಹಾಕುತ್ತಾರೆ, ಹಾಗಾಗಿ ಅವರಿಗೂ ತಾಗುತ್ತದೆ. ಅಂಗಡಿಯ ನೋಂದಣಿ ಹೆಂಡತಿ ಹೆಸರಿಗೆ ಬದಲಾಯಿಸಿದರೂ ಫಲವಿಲ್ಲ, ಏಕೆಂದರೆ ಇಬ್ಬರ ಹೆಸರನ್ನೂ ನೋಡುತ್ತಾರೆ. ಬೆಳೆದ ಮಗ ತಾನೇ ಅಂಗಡಿ ನಡೆಸುತ್ತಾ ಅವನ ಹೆಸರಲ್ಲಿ ಜಿಎಸ್‌ಟಿ ಇದ್ದರೆ ತಾಯಿಯ ಗೃಹಲಕ್ಷ್ಮಿಗೆ ನಿಯಮದಲ್ಲಿ ತಡೆಯಿಲ್ಲ. ಆದರೆ ಬಿಪಿಎಲ್ ಕಾರ್ಡಿನ ಮಾನದಂಡ ಬೇರೆ, ಅಲ್ಲಿ ಇಡೀ ಕುಟುಂಬವನ್ನು ನೋಡುತ್ತಾರೆ. ಕಾರ್ಡು ಎಪಿಎಲ್‌ಗೆ ಬದಲಾದರೆ ಅಕ್ಕಿ ನಿಲ್ಲುತ್ತದೆ, ಗೃಹಲಕ್ಷ್ಮಿ ಮಾತ್ರ ಅದೇ ಕಾರಣಕ್ಕೆ ನಿಲ್ಲುವಂತಿಲ್ಲ.

ಹಾಗಾದರೆ ಸಣ್ಣ ಅಂಗಡಿಗೆ ಜಿಎಸ್‌ಟಿ ಬೇಕೇ? ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಕಡ್ಡಾಯ. ದಿನದ ಲೆಕ್ಕದಲ್ಲಿ ಅದು ಸುಮಾರು 10,960 ರೂಪಾಯಿ. ಮೆಸ್, ಟಿಫನ್ ಸೆಂಟರ್‌ಗಳು ಸೇವೆಯ ಲೆಕ್ಕಕ್ಕೆ ಬರುವುದರಿಂದ ಅವಕ್ಕೆ 20 ಲಕ್ಷ, ದಿನಕ್ಕೆ ಸುಮಾರು 5,480. ಇಡ್ಲಿ, ಊಟ ಚೆನ್ನಾಗಿ ಓಡುವ ಮೆಸ್ಸು ಈ ಮಿತಿಯನ್ನು ಬೇಗ ಮುಟ್ಟುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಲಾಭವಲ್ಲ, ಒಟ್ಟು ಮಾರಾಟ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರು ಎಷ್ಟೇ ಮಾರಿದರೂ ನೋಂದಣಿ ಬೇಕಿಲ್ಲ. ಆದರೆ ಜೊತೆಗೆ ಸೋಪು, ಬಿಸ್ಕತ್ತು ಇಟ್ಟರೆ ಹಾಲಿನ ಮಾರಾಟವೂ ಒಟ್ಟು ಮೊತ್ತಕ್ಕೆ ಸೇರುತ್ತದೆ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂದಾಗ ಹೆಚ್ಚು ಗೊಂದಲವಾದದ್ದು ಇಲ್ಲೇ. ನಾದಿನಿ ಕಳಿಸಿದ ಹಣ, ಚೀಟಿ ಹಣ ಎಲ್ಲವೂ ಅಂಗಡಿಯ ಕ್ಯೂಆರ್‌ಗೇ ಬಂದರೆ ಅದೂ ಮಾರಾಟದಂತೆ ಕಾಣುತ್ತದೆ. ಮನೆಯ ಹಣಕ್ಕೆ ಬೇರೆ ಖಾತೆ ಇಡಿ.

ಮಿತಿ ದಾಟಿದ್ದರೆ ನೋಂದಣಿ ಮಾಡಿಸಲೇಬೇಕು; 24,000 ಉಳಿಸಲು ಹೋಗಿ ತೆರಿಗೆ, ಬಡ್ಡಿ, ದಂಡ ಮೈಮೇಲೆ ಎಳೆದುಕೊಳ್ಳುವುದು ತರವಲ್ಲ. ಬೇಸರದ ಸಂಗತಿಯೆಂದರೆ ಮಿತಿಯ ಹತ್ತಿರವೂ ಇಲ್ಲದವರು ಹೋಲ್‌ಸೇಲ್‌ನವರು ಕೇಳಿದರೆಂದೋ ಸಾಲಕ್ಕೆ ಬೇಕೆಂದೋ ನಂಬರ್ ಮಾಡಿಸಿಕೊಂಡಿರುವುದು. ಗುರುತಿಗೊಂದು ದಾಖಲೆ ಬೇಕಷ್ಟೇ ಎಂದಾದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಅದು ಗೃಹಲಕ್ಷ್ಮಿಗೆ ಅಡ್ಡ ಬರುವುದಿಲ್ಲ. ಬೇಡದ ಜಿಎಸ್‌ಟಿ ರದ್ದು ಮಾಡಿಸಲು ಮೊದಲು ಬಾಕಿ ರಿಟರ್ನ್ಸ್ ಎಲ್ಲ ಹಾಕಿ ಮುಗಿಸಬೇಕು. ಆಮೇಲೆ ಪೋರ್ಟಲ್‌ನಲ್ಲಿ ಆರ್‌ಇಜಿ-16 ಅರ್ಜಿ. ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಪಡೆದ ಸರಕು ಉಳಿದಿದ್ದರೆ ಅದರ ತೆರಿಗೆಯನ್ನು ಹಿಂತಿರುಗಿಸಬೇಕು. ರದ್ದತಿ ಆದೇಶ ಆರ್‌ಇಜಿ-19 ರೂಪದಲ್ಲಿ ಬರುತ್ತದೆ, ಅದನ್ನು ಪ್ರಿಂಟ್ ತೆಗೆದಿಡಿ. ಕಾಂಪೊಸಿಷನ್‌ನಲ್ಲಿ ಇಲ್ಲದವರು ಮೂರು ತಿಂಗಳೊಳಗೆ ಕೊನೆಯ ರಿಟರ್ನ್ಸ್ ಜಿಎಸ್‌ಟಿಆರ್-10 ಹಾಕಬೇಕು. ಮರೆಯುವುದು ಇದನ್ನೇ, ಆಮೇಲೆ ತಡ ಶುಲ್ಕ ಏರುತ್ತಾ ಹೋಗುತ್ತದೆ.

ಅರ್ಜಿಯ ಕೆಲಸಕ್ಕೆ ಒಳ್ಳೆಯ ಅಂಕ ಕೊಡಬಹುದು. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್, ಬಾಪೂಜಿ ಸೇವಾ ಕೇಂದ್ರ ಎಲ್ಲಿಯಾದರೂ ಆಗುತ್ತದೆ, ಶುಲ್ಕವಿಲ್ಲ. ರೇಷನ್ ಕಾರ್ಡ್ ಸಂಖ್ಯೆ, ಗಂಡ ಹೆಂಡತಿ ಇಬ್ಬರ ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಜೊತೆಗಿರಲಿ. ಕಾರ್ಡಿನಲ್ಲಿ ಗಂಡನೇ ಮುಖ್ಯಸ್ಥ ಎಂದಿದ್ದರೆ ಮೊದಲು ಆ ತಿದ್ದುಪಡಿ ಆಗಬೇಕು. ಅತ್ತೆ, ಸೊಸೆ ಒಂದೇ ಕಾರ್ಡಿನಲ್ಲಿದ್ದರೆ ಒಬ್ಬರಿಗೆ ಮಾತ್ರ ಹಣ.

ಹಣ ಬರುವ ದಾರಿ ಅಷ್ಟು ಸಲೀಸಲ್ಲ. ನಿಗದಿತ ತಾರೀಖಿಲ್ಲ, ಕಂತುಗಳು ತಡವಾಗಿ ಬರುತ್ತವೆ. ಇದನ್ನು ನಂಬಿ ಅಂಗಡಿಯ ಸಾಲದ ಕಂತು ಹೊಂದಿಸಬೇಡಿ. ಹಣ ಜಮೆಯಾಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಕೊಟ್ಟರೆ ನಿಮಗೆ ತಿಳಿಯದಂತೆಯೇ ಹಣ ಅಲ್ಲಿಗೆ ಹೋಗುತ್ತಿರಬಹುದು. ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಯಾವ ಬ್ಯಾಂಕು ಎಂದು ಕಾಣುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ಒಳಹೋದರೆ ಕಂತುಗಳ ವಿವರ ಸಿಗುತ್ತದೆ. ಈ ಆ್ಯಪ್ ಚೆನ್ನಾಗಿದೆ, ಬಳಸಲು ಕಲಿತುಕೊಳ್ಳಿ.

ಸೇವೆ ತೀರಾ ಸೋಲುವುದು ಅರ್ಜಿ ತಿರಸ್ಕಾರವಾದಾಗ. ‘ಐಟಿ/ಜಿಎಸ್‌ಟಿ’ ಎಂದಷ್ಟೇ ಹೇಳಿ ಕೈಬಿಟ್ಟರೆ ಗಂಡನದೋ ಹೆಂಡತಿಯದೋ, ಐಟಿಯೋ ಜಿಎಸ್‌ಟಿಯೋ, ಯಾವ ವರ್ಷದ್ದೋ ಏನೂ ತಿಳಿಯುವುದಿಲ್ಲ. ತೆರಿಗೆ ಕಟ್ಟದೆ ಐಟಿಆರ್ ಮಾತ್ರ ಹಾಕಿದವರ ಹೆಸರೂ ಈ ಪಟ್ಟಿಗೆ ಸೇರಿದ್ದುಂಟು. ಅಂಥವರು ಸೇವಾ ಕೇಂದ್ರಕ್ಕೆ ಅಲೆದು ಉಪಯೋಗವಿಲ್ಲ, ಕೇಂದ್ರದವರ ಕೈಯಲ್ಲಿ ಏನೂ ಇಲ್ಲ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಲಿಖಿತ ಮನವಿ ಕೊಡಿ. ತೆರಿಗೆ ಸೊನ್ನೆ ಎಂದು ತೋರಿಸುವ ಐಟಿಆರ್ ಸ್ವೀಕೃತಿ, ಜಿಎಸ್‌ಟಿ ರದ್ದಾಗಿದ್ದರೆ ಆರ್‌ಇಜಿ-19, ರೇಷನ್ ಕಾರ್ಡು, ಇಬ್ಬರ ಆಧಾರ್ ಪ್ರತಿ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ತಾರೀಖಿನ ಜೊತೆ ಕಚೇರಿಯ ಮೊಹರು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಮುಂದೆ ವಿಚಾರಿಸಲು ಹೋದಾಗ ತೋರಿಸಲು ಆ ಪ್ರತಿ ಬೇಕು.