ಇಸವಿ ಮುಚ್ಚಿಟ್ಟ ನಕ್ಷೆ: ಷೇರುಪೇಟೆಯ ಕುಸಿತಗಳನ್ನು ಕಲಿಸುವ ಕೋರ್ಸೊಂದರ ವಿಮರ್ಶೆ

ಷೇರುಪೇಟೆಯ ಐತಿಹಾಸಿಕ ಕುಸಿತಗಳನ್ನು ಕುರಿತ ಆರು ವಾರಗಳ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ವಿಡಿಯೊ ಪಾಠಗಳು ಸಾಧಾರಣ. ಕೊಟ್ಟ ಹಣಕ್ಕೆ ತಕ್ಕದ್ದೆನಿಸುವುದು ಪಾಠದ ಕೊನೆಯ ಅಭ್ಯಾಸ. ಅಲ್ಲಿ ಹಳೆಯ ಸೂಚ್ಯಂಕವೊಂದರ ನಕ್ಷೆಯನ್ನು ಇಸವಿ ಮುಚ್ಚಿ, ಅಂಕಿಗಳನ್ನು ಮರೆಮಾಡಿ, ವಾರ ವಾರವಾಗಿ ಬಿಚ್ಚುತ್ತಾರೆ. ಕೊಳ್ಳುವುದೋ, ಮಾರುವುದೋ, ಸುಮ್ಮನಿರುವುದೋ ಎಂಬುದನ್ನು ಮುಂದಿನದು ತಿಳಿಯದೆಯೇ ನಾವು ತೀರ್ಮಾನಿಸಬೇಕು.

ಮೊದಲ ಅಭ್ಯಾಸದಲ್ಲೇ ನಾನು ಸೋತೆ. ಸೂಚ್ಯಂಕ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಬಳಿಕ ಐದು ತಿಂಗಳು ಏರುತ್ತ ಬಂದಾಗ, ಕುಸಿತ ಮುಗಿಯಿತೆಂದು ನಂಬಿ ಮಾರ್ಜಿನ್ ಸಾಲದಲ್ಲಿ, ಅಂದರೆ ಬ್ರೋಕರ್ ಕೊಡುವ ಸಾಲದ ಹಣದಲ್ಲಿ, ಕೊಂಡೆ. ಅದು 1930ರ ಏಪ್ರಿಲ್ ಎಂಬುದು ಆಮೇಲೆ ತಿಳಿಯಿತು. 1929ರ ಸೆಪ್ಟೆಂಬರ್ 3ರಂದು 381ರಲ್ಲಿದ್ದ ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ನವೆಂಬರಿನಲ್ಲಿ 199ರ ಆಸುಪಾಸಿಗೆ ಬಿದ್ದು, ಏಪ್ರಿಲ್ ಹೊತ್ತಿಗೆ 294ಕ್ಕೆ ಚೇತರಿಸಿಕೊಂಡಿತ್ತು. ತಳ ಕಂಡದ್ದು 1932ರ ಜುಲೈ 8ರಂದು, 41ರಲ್ಲಿ. ಆ ಕಾಲದಲ್ಲಿ ಬೆಲೆಯ ಹತ್ತನೇ ಒಂದು ಭಾಗವನ್ನಷ್ಟೇ ಕೈಯಿಂದ ಹಾಕಿ ಷೇರು ಕೊಳ್ಳಬಹುದಿತ್ತೆಂದು ಓದಿದ್ದೆ. ಶೇ 10ರ ಇಳಿಕೆಗೇ ಬಂಡವಾಳವೆಲ್ಲ ಕರಗಿ, ಬ್ರೋಕರ್ ಇನ್ನಷ್ಟು ಹಣ ಕೇಳುವ ಕೆಂಪು ಸಂದೇಶ ಪರದೆಯಲ್ಲಿ ಮೂಡಿದಾಗಲೇ ಅದರ ಅರ್ಥ ಮನಸ್ಸಿಗೆ ನಾಟಿದ್ದು.

1987ರ ಅಕ್ಟೋಬರ್ 19ರ ಪಾಠವೂ ಚೆನ್ನಾಗಿದೆ. ನಷ್ಟ ತಡೆಯಲೆಂದು ರೂಪಿಸಿದ್ದ ‘ಪೋರ್ಟ್‌ಫೋಲಿಯೊ ಇನ್ಶೂರೆನ್ಸ್’ ಎಂಬ ವಹಿವಾಟಿನ ತಂತ್ರ ಬೆಲೆ ಇಳಿದಂತೆ ಮಾರಲು ಹೇಳುತ್ತಿತ್ತು, ಮಾರಿದಂತೆ ಬೆಲೆ ಇನ್ನಷ್ಟು ಇಳಿಯುತ್ತಿತ್ತು. ಒಂದೇ ದಿನದಲ್ಲಿ ಡೌ ಜೋನ್ಸ್ ಸೂಚ್ಯಂಕ ಶೇ 22.6ರಷ್ಟು ಕುಸಿಯಲು ಈ ಸುಳಿ ಹೇಗೆ ನೆರವಾಯಿತೆಂಬುದನ್ನು ಸರಳವಾಗಿ ವಿವರಿಸಿದ್ದಾರೆ. 2008ರ ಪಾಠ ಆ ವರ್ಷ ದಿವಾಳಿಯಾದ ಅಮೆರಿಕದ ಬ್ಯಾಂಕ್ ಲೀಮನ್ ಬ್ರದರ್ಸ್‌ನ ಗೊತ್ತಿರುವ ಕಥೆಯನ್ನೇ ಮತ್ತೆ ಹೇಳುತ್ತದೆ, ಬಿಟ್ಟರೂ ನಷ್ಟವಿಲ್ಲ.

ನನ್ನ ಆಕ್ಷೇಪ ಇರುವುದು ಕಾಲದ ಲೆಕ್ಕದ ಬಗ್ಗೆ. 1929ರ ಎತ್ತರ ಮರಳಿದ್ದು 1954ರ ನವೆಂಬರಿನಲ್ಲಿ ಎಂದು ಹೇಳುವಾಗ, ಲಾಭಾಂಶವನ್ನೂ ಆಗ ಸರಕುಗಳ ಬೆಲೆ ಇಳಿದದ್ದನ್ನೂ ಸೇರಿಸಿದರೆ ಆ ಅವಧಿ ಸಾಕಷ್ಟು ಕಿರಿದಾಗುತ್ತದೆಂಬ ಮಾತೇ ಇಲ್ಲ. ಅದಕ್ಕೂ ದೊಡ್ಡ ಕೊರತೆಯೆಂದರೆ, ಸುಮಾರು ಒಂದು ತಿಂಗಳಲ್ಲಿ ಶೇ 34ರಷ್ಟು ಬಿದ್ದು ಆಗಸ್ಟ್ ವೇಳೆಗೆ ಪೂರ್ತಿ ಎದ್ದುನಿಂತ 2020ರ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕಕ್ಕೆ ಎರಡು ಅಭ್ಯಾಸಗಳಿದ್ದು, ಜಪಾನಿನ ನಿಕ್ಕೇ ಸೂಚ್ಯಂಕಕ್ಕೆ ಒಂದೂ ಇಲ್ಲ. ನಿಕ್ಕೇ 1989ರ ಡಿಸೆಂಬರ್ 29ರಂದು ಮುಟ್ಟಿದ 38,915ರ ಮಟ್ಟವನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ. ಬಿದ್ದಾಗಲೆಲ್ಲ ಕೊಂಡರೆ ಸಾಕೆಂದು ಇಂದು ನಂಬಿರುವ ಹೂಡಿಕೆದಾರನಿಗೆ ತುರ್ತಾಗಿ ಬೇಕಿರುವುದು ಈ ನಕ್ಷೆಯೇ.

ಅದನ್ನು ಸೇರಿಸುವಂತೆ ಕೋರ್ಸಿನವರಿಗೆ ಪತ್ರ ಬರೆದೆ. ನಕ್ಷೆಯ ಒಂದೊಂದು ವಾರ ಬಿಚ್ಚಲೂ ಒಮ್ಮೆ ಗುಂಡಿ ಒತ್ತುತ್ತ ಹೋದರೆ 1,700ಕ್ಕೂ ಹೆಚ್ಚು ಬಾರಿ ಒತ್ತಬೇಕಾಗುತ್ತದೆ, ಅಷ್ಟು ದೀರ್ಘವಾದ ಅಭ್ಯಾಸವನ್ನು ಬಹುತೇಕರು ಅರ್ಧಕ್ಕೇ ಕೈಬಿಡುತ್ತಾರೆ ಎಂಬ ಉತ್ತರ ಬಂತು.