ಶಬ್ಬತ್ ಎಣ್ಣೆ ದೀಪದ ಜೋಡಿ: ಕೊಳ್ಳುವ ಮುನ್ನ

ಹಿತ್ತಾಳೆ ಪೀಠದ ಮೇಲೆ ಗಾಜಿನ ಬಟ್ಟಲು ಕೂರಿಸಿದ ಎರಡು ದೀಪಗಳ ಸೆಟ್ ಇದು. ಶಬ್ಬತ್ ಎಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಯಹೂದಿಗಳ ವಾರದ ವಿಶ್ರಾಂತಿ ದಿನ. ಶುಕ್ರವಾರ ಸಂಜೆ ಯಹೂದಿ ಮನೆಯಲ್ಲಿ ದೀಪ ಹಚ್ಚುವ ಮೊದಲ ಹಕ್ಕು ಮನೆಯೊಡತಿಯದು, ಗಂಡ ಪಕ್ಕದಲ್ಲೇ ಇದ್ದರೂ. ಯಹೂದಿಗಳ ಮೂಲಪುರುಷ ಅಬ್ರಹಾಮನ ಹೆಂಡತಿ ಸಾರಳ ಡೇರೆಯ ದೀಪ ಒಂದು ಶಬ್ಬತ್‌ನಿಂದ ಮುಂದಿನದರವರೆಗೆ ಉರಿಯುತ್ತಿತ್ತು, ಅವಳು ತೀರಿಕೊಂಡಾಗ ಆರಿತು, ರೆಬೆಕ್ಕ ಸೊಸೆಯಾಗಿ ಬಂದಾಗ ಮತ್ತೆ ಹೊತ್ತಿತು ಎನ್ನುತ್ತದೆ ಪರಂಪರೆ. ಅಂಥ ಗೌರವದ ಕೆಲಸಕ್ಕೆ ತೆಳು ತಗಡಿನ ದೀಪ ಸಲ್ಲದು. ಈ ಪೀಠ ಭಾರವಾಗಿದೆ, ಅಲುಗಾಡುವುದಿಲ್ಲ.

ಬಟ್ಟಲಿನ ತಳಕ್ಕೆ ಒಂದು ಬೆರಳು ನೀರು, ಮೇಲೆ ಆಲಿವ್ ಎಣ್ಣೆ. ನೀರು ಹಾಕದಿದ್ದರೆ ಎಣ್ಣೆ ಮುಗಿಯುವ ಹೊತ್ತಿಗೆ ಗಾಜು ಕಾದು ಬಿರುಕು ಬಿಡುತ್ತದೆ. ಬತ್ತಿಯ ತುದಿ ಅದನ್ನು ಹಿಡಿದಿಡುವ ಬಿಲ್ಲೆಯಿಂದ ಹೆಚ್ಚು ಮೇಲೆದ್ದರೆ ಹೊಗೆ ಕಟ್ಟಿ ಬಟ್ಟಲು ಕಪ್ಪಾಗುತ್ತದೆ. ಸೆಟ್‌ನ ಜೊತೆ ಬರುವ ಬತ್ತಿ ದಪ್ಪ, ಹೀಗಾಗಿ ಎಣ್ಣೆ ಬೇಗ ಖಾಲಿ. ತೆಳು ಬತ್ತಿ ಬೇರೆ ತನ್ನಿ. ಹಚ್ಚಿದ ಮೇಲೆ ಶಬ್ಬತ್ ಮುಗಿಯುವ ತನಕ ದೀಪ ಮುಟ್ಟುವಂತಿಲ್ಲ, ಆದ್ದರಿಂದ ವಾರದ ನಡುವೆಯೇ ಒಮ್ಮೆ ಉರಿಸಿ ಎಷ್ಟು ಹೊತ್ತು ಬರುತ್ತದೆಂದು ನೋಡಿಕೊಳ್ಳಿ. ಊಟ ಮುಗಿಯುವವರೆಗಾದರೂ ಬೆಳಕಿರಬೇಕು. ಬಹಳ ಕಡೆ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಹಚ್ಚುತ್ತಾರೆ, ಜೆರುಸಲೇಮಿನಲ್ಲಿ 40.

ಪೀಠದ ಮೇಲೆ ಹೀಬ್ರೂ ಅಕ್ಷರದಲ್ಲಿ ‘ರಾತ್ರಿಯಲ್ಲೂ ಅವಳ ದೀಪ ಆರದು’ ಎಂದು ಕೆತ್ತಿದ್ದಾರೆ. ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದ 31ನೇ ಅಧ್ಯಾಯದ ಸಾಲು ಅದು. ಗುಣವತಿಯನ್ನು ಹೊಗಳುವ ಆ 22 ವಚನಗಳನ್ನು ಶುಕ್ರವಾರ ರಾತ್ರಿ ಊಟದ ಮೇಜಿನ ಬಳಿ ಹಾಡುತ್ತಾರೆ. ಕೆತ್ತನೆ ಆಳವಾಗಿದೆ, ಅಂದವಾಗಿದೆ. ಸಂದಿಗಳಲ್ಲಿ ಎಣ್ಣೆ ಜಿಡ್ಡು ಕೂರುತ್ತದೆ. ಹುಣಸೆಹಣ್ಣು, ಹಳೇ ಬ್ರಷ್ ಸಾಕು.